ನಾಲಿಗೆಯ ಚಪಲವೋ, ಮನಸ್ಸಿನ ಹಸಿವೋ?

ನಾಲ್ಕು ದಿನ ಜ್ವರದಲ್ಲಿ ಮಲಗಿದವರಿಗೆ ಐದನೆಯ ದಿನ ಬೆಳಗ್ಗೆ ಮೈ ಬೆವರಿ ಜ್ವರ ಇಳಿಯುತ್ತದೆ. ಆಗ ಬಾಯಿ ಮೊದಲು ಏನನ್ನು ಬಯಸುತ್ತದೆ ಎಂಬುದನ್ನು ನೀವು ಎಂದಾದರೂ ಗಮನಿಸಿದ್ದೀರಾ? ಅದು ಹೋಟೆಲಿನ ಮಸಾಲೆದೋಸೆಯಲ್ಲ, ಮದುವೆ ಮನೆಯ ಹೋಳಿಗೆಯೂ ಅಲ್ಲ. ಉಡುಪಿ, ಮಂಗಳೂರು ಕಡೆಯವರಾದರೆ ಕುಚ್ಚಲಕ್ಕಿ ಗಂಜಿ, ಜೊತೆಗೆ ಉಪ್ಪಿನಕಾಯಿ. ಮಲೆನಾಡಿನವರಾದರೆ ತಂಬುಳಿ ಅನ್ನ. ತುಮಕೂರು, ಮಂಡ್ಯದ ಕಡೆ ಮೆತ್ತಗಿನ ಬಿಸಿ ಮುದ್ದೆ, ಉಪ್ಪುಸಾರು. ಧಾರವಾಡ, ವಿಜಯಪುರದ ಕಡೆಯವರಿಗೆ ಜೋಳದ ನುಚ್ಚು, ಮಜ್ಜಿಗೆ. ಊರು ಬಿಟ್ಟು ಅಮೆರಿಕಕ್ಕೋ ದುಬೈಗೋ ಹೋದ ಮಗ ಫೋನಿನಲ್ಲಿ ಕೇಳುವುದು ಅಮ್ಮನ ಚಟ್ನಿಪುಡಿಯನ್ನು. ಇವುಗಳಲ್ಲಿ ಯಾವುದೂ ದುಬಾರಿಯದಲ್ಲ. ನೆಂಟರು ಬಂದಾಗ ಹೆಮ್ಮೆಯಿಂದ ಬಡಿಸುವಂಥದ್ದೂ ಅಲ್ಲ. ಆದರೂ ಎರಡು ತುತ್ತು ಒಳಗೆ ಇಳಿದ ಕೂಡಲೇ ‘ಹೋದ ಜೀವ ಬಂದ ಹಾಗಾಯಿತು’ ಎನ್ನುತ್ತೇವೆ.

ಇಂಗ್ಲಿಷಿನಲ್ಲಿ ಇಂಥ ಆಹಾರಕ್ಕೆ ‘ಕಂಫರ್ಟ್ ಫುಡ್’ ಎಂಬ ಹೆಸರಿದೆ. ಅಮೆರಿಕದ ಫ್ಲಾರಿಡಾ ರಾಜ್ಯದ ಪತ್ರಿಕೆಯೊಂದರಲ್ಲಿ 1966ರಲ್ಲೇ ಈ ಪದ ಕಾಣಿಸಿಕೊಂಡಿದೆ. ತಮಾಷೆಯೆಂದರೆ, ಅದು ಬಂದದ್ದು ಬೊಜ್ಜಿನ ಬಗೆಗಿನ ಬರಹದಲ್ಲಿ. ಹುಟ್ಟಿದಂದಿನಿಂದಲೇ ಈ ಪದಕ್ಕೆ ಸ್ವಲ್ಪ ಅಪವಾದ ಅಂಟಿಕೊಂಡಿದೆ ಎನ್ನಬೇಕು. ನಮ್ಮಲ್ಲಿ ಇದಕ್ಕೆ ಸರಿಯಾದ ಒಂದೇ ಪದವಿಲ್ಲ. ‘ಬಾಯಿಗೆ ಹಿತ’, ‘ಹೊಟ್ಟೆ ತಣ್ಣಗಾಯಿತು’ ಎಂದೆಲ್ಲ ಹೇಳುತ್ತೇವೆ. ಈ ಲೇಖನದ ಮಟ್ಟಿಗೆ ನಾನು ‘ಹಿತದ ಊಟ’ ಎಂದು ಕರೆಯುತ್ತೇನೆ.

ಊಟದ ಬಗ್ಗೆ ವೈದ್ಯರು ಬರೆದರೆ ಏನನ್ನು ಬಿಡಬೇಕು ಎಂಬ ಪಟ್ಟಿಯೇ ಹೆಚ್ಚು. ಈ ವಾರ ನಾನು ಬರೆಯುತ್ತಿರುವುದು ಏನನ್ನು ಬಿಡಿಸಬಾರದು ಎಂಬುದರ ಬಗ್ಗೆ. ಪಥ್ಯದ ಹೆಸರಿನಲ್ಲಿ ನಮ್ಮ ಮನೆಗಳಲ್ಲಿ, ಅದರಲ್ಲೂ ವಯಸ್ಸಾದವರ ತಟ್ಟೆಯಿಂದ, ಹಿತದ ಊಟವನ್ನು ಪೂರ್ತಿಯಾಗಿ ತೆಗೆದುಬಿಡುವ ರೂಢಿ ಬೆಳೆಯುತ್ತಿದೆ. ಅದರಿಂದ ಆಗುತ್ತಿರುವ ಲಾಭಕ್ಕಿಂತ ಹಾನಿಯೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು, ನಾವೇಕೆ ಇಂಥ ಊಟವನ್ನು ಬಯಸುತ್ತೇವೆ ಎಂಬುದನ್ನು ನೋಡೋಣ. ರುಚಿಯ ಶಿಕ್ಷಣ ಹುಟ್ಟುವ ಮೊದಲೇ ಶುರುವಾಗುತ್ತದೆ. ತಾಯಿ ಉಂಡ ಆಹಾರದ ವಾಸನೆ, ರುಚಿಗಳ ಅಂಶ ಗರ್ಭದ ನೀರಿಗೂ ಆಮೇಲೆ ಎದೆಹಾಲಿಗೂ ಸೇರುತ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ರುಚಿ ಮತ್ತು ವಾಸನೆಗಳನ್ನೇ ಅಭ್ಯಸಿಸುವ ಮೊನೆಲ್ ಎಂಬ ಸಂಸ್ಥೆಯಿದೆ. ಬಸುರಿನ ಕೊನೆಯ ತಿಂಗಳುಗಳಲ್ಲಿ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳು, ಮುಂದೆ ಕ್ಯಾರೆಟ್ ಬೆರೆಸಿದ ಆಹಾರವನ್ನು ಬೇರೆ ಮಕ್ಕಳಿಗಿಂತ ಸಂತೋಷದಿಂದ ತಿಂದರೆಂದು ಅಲ್ಲಿನವರು 2001ರಲ್ಲಿ ಪ್ರಕಟಿಸಿದರು. ನಮ್ಮ ಬಾಣಂತಿಯರ ಮೆಣಸಿನ ಸಾರು, ಬೆಳ್ಳುಳ್ಳಿ ಒಗ್ಗರಣೆಗಳೂ ಹೀಗೆಯೇ ಮಗುವಿನ ಪಾಲಿಗೆ ಮೊದಲ ಪಾಠವಾಗಿರುತ್ತವೆ ಎಂದು ಊಹಿಸುವುದು ತಪ್ಪಾಗಲಾರದು. ಇನ್ನು ಸಿಹಿಯಂತೂ ಕಲಿಯಬೇಕಾದದ್ದೇ ಅಲ್ಲ. ಆಗ ತಾನೇ ಹುಟ್ಟಿದ ಶಿಶುವಿನ ಹಿಮ್ಮಡಿಗೆ ರಕ್ತಪರೀಕ್ಷೆಗಾಗಿ ಸೂಜಿ ಚುಚ್ಚುವ ಮೊದಲು ನಾಲಿಗೆಗೆ ಎರಡು ಹನಿ ಸಕ್ಕರೆ ದ್ರಾವಣ ಹಾಕಿದರೆ ಅದು ಅಳುವುದು ಕಡಿಮೆ. ನವಜಾತ ಶಿಶುಗಳ ಘಟಕಗಳಲ್ಲಿ ಇದನ್ನು ಚಿಕಿತ್ಸೆಯ ಭಾಗವಾಗಿಯೇ ಬಳಸುತ್ತಾರೆ. (ಇದು ಆಸ್ಪತ್ರೆಯ ಮಾತು. ಮನೆಯಲ್ಲಿ ಹಸುಗೂಸಿಗೆ ಸಕ್ಕರೆ ನೀರು, ಜೇನುತುಪ್ಪ ನೆಕ್ಕಿಸಲು ಹೋಗಬೇಡಿ.)

ಎರಡನೆಯದು ವಾಸನೆ. ಕಣ್ಣು, ಕಿವಿ, ಚರ್ಮಗಳಿಂದ ಹೊರಟ ಸುದ್ದಿ ಮೆದುಳಿನ ನಡುವೆ ಇರುವ ಥಾಲಮಸ್ ಎಂಬ ಕೇಂದ್ರವನ್ನು ಹಾದು ಮುಂದೆ ಹೋಗುತ್ತದೆ. ಮೂಗಿನಿಂದ ಬಂದ ಸುದ್ದಿಗೆ ಮಾತ್ರ ಈ ಕಟ್ಟೆಯಿಲ್ಲ. ಅದು ಭಾವನೆ, ನೆನಪುಗಳಿಗೆ ಸಂಬಂಧಿಸಿದ ಭಾಗಗಳಿಗೆ ಹತ್ತಿರದ ದಾರಿಯಲ್ಲೇ ತಲುಪುತ್ತದೆ. ಇಂಗಿನ ಒಗ್ಗರಣೆಯ ವಾಸನೆ ಬಂದ ಕೂಡಲೇ ನಲವತ್ತು ವರ್ಷ ಹಿಂದಿನ ಅಡುಗೆಮನೆ ಕಣ್ಣೆದುರು ಬರುವುದು ಇದರಿಂದಲೇ. 2020 ಮತ್ತು 2021ರಲ್ಲಿ ಕೋವಿಡ್ ಬಂದು ವಾಸನೆ ಕಳೆದುಕೊಂಡವರನ್ನು ಕೇಳಿದ್ದರೆ ಇದರ ಮಹತ್ವ ತಿಳಿಯುತ್ತಿತ್ತು. ‘ಉಪ್ಪು, ಹುಳಿ, ಖಾರ ಗೊತ್ತಾಗುತ್ತೆ ಡಾಕ್ಟ್ರೇ, ಆದ್ರೆ ಸಾರು ಸಾರಿನ ಥರ ಇಲ್ಲ’ ಎಂದು ಎಷ್ಟೋ ಮಂದಿ ನನ್ನ ಬಳಿ ಹೇಳಿದ್ದಾರೆ. ನಾಲಿಗೆ ಕೆಲಸ ಮಾಡುತ್ತಿತ್ತು, ನೆನಪಿನ ದಾರಿ ಮುಚ್ಚಿಹೋಗಿತ್ತು. ಅವರಲ್ಲಿ ಕೆಲವರು ತಿಂಗಳುಗಟ್ಟಲೆ ಮಂಕಾಗಿಯೇ ಇದ್ದರು.

ಮೂರನೆಯದು ಕೊಬ್ಬು. ಬೆಲ್ಜಿಯಂ ದೇಶದ ಲ್ಯೂವೆನ್‌ನಲ್ಲಿ ನಡೆದ ಒಂದು ವಿಚಿತ್ರ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಹನ್ನೆರಡು ಮಂದಿ ಆರೋಗ್ಯವಂತರಿಗೆ ದುಃಖದ ಸಂಗೀತ ಕೇಳಿಸಿ, ದುಃಖದ ಮುಖಗಳನ್ನು ತೋರಿಸಿ, ನಳಿಕೆಯ ಮೂಲಕ ನೇರವಾಗಿ ಹೊಟ್ಟೆಗೆ ಕೊಬ್ಬಿನ ದ್ರಾವಣ ಬಿಟ್ಟರು. ಬಾಯಿಗೆ ರುಚಿಯಿಲ್ಲ, ಮೂಗಿಗೆ ವಾಸನೆಯಿಲ್ಲ. ಆದರೂ ಬರಿಯ ಉಪ್ಪುನೀರು ಬಿಟ್ಟಾಗ ಆದುದಕ್ಕಿಂತ ಅವರಿಗಾದ ದುಃಖ ಕಡಿಮೆಯಿತ್ತು. ಜಠರವು ಮೆದುಳಿನೊಡನೆ ತನ್ನದೇ ಮಾತು ಆಡುತ್ತದೆ ಎಂದಾಯಿತು. ಬಿಸಿ ಅನ್ನಕ್ಕೆ ಒಂದು ಚಮಚ ತುಪ್ಪ ಹಾಕುವ ಅಜ್ಜಿಯರು ಈ ಪ್ರಯೋಗಕ್ಕಾಗಿ ಕಾದಿರಲಿಲ್ಲ.

ಆದರೆ ಇಷ್ಟರಿಂದಲೇ ಹಿತದ ಊಟ ಒಂದು ಔಷಧ ಎಂದು ಹೇಳಿಬಿಟ್ಟರೆ ಅದು ಅರ್ಧ ಸತ್ಯ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ತಣ್ಣೀರು ಎರಚಿತು. ಜನರಿಗೆ ಮನಸ್ಸು ಕದಡುವ ಸಿನಿಮಾ ತುಣುಕು ತೋರಿಸಿ, ಕೆಲವರಿಗೆ ಅವರ ಹಿತದ ತಿನಿಸನ್ನು, ಕೆಲವರಿಗೆ ಬೇರೆ ತಿನಿಸನ್ನು ಕೊಟ್ಟರು. ಕೆಲವರಿಗೆ ಏನನ್ನೂ ಕೊಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಎಲ್ಲರ ಮನಸ್ಸೂ ಹೆಚ್ಚುಕಡಿಮೆ ಒಂದೇ ರೀತಿ ತಿಳಿಯಾಯಿತು. ಅಂದರೆ, ತಾನೇ ಇಳಿಯಲಿದ್ದ ಬೇಸರಕ್ಕೆ ನಾವು ತಿನಿಸಿನ ಹೆಸರು ಹೇಳುತ್ತಿದ್ದೇವೆ. ಇದಕ್ಕೆ ಮೂರು ವರ್ಷ ಮೊದಲು, 2011ರಲ್ಲಿ, ಬಫಲೋ ನಗರದ ಸಂಶೋಧಕರು ಬೇರೊಂದು ಪ್ರಶ್ನೆ ಕೇಳಿದ್ದರು. ಹಿತದ ಊಟ ಒಂಟಿತನವನ್ನು ಕಡಿಮೆ ಮಾಡುತ್ತದೆಯೇ ಎಂಬುದು ಆ ಪ್ರಶ್ನೆ. ಆತ್ಮೀಯರೊಡನೆ ಆದ ಜಗಳವನ್ನು ನೆನೆದು ಒಂಟಿಯೆನಿಸಿದವರಿಗೆ, ತಮ್ಮ ಹಿತದ ಊಟದ ಬಗ್ಗೆ ಬರೆಯಲು ಹೇಳಿದಾಗಲೇ ಆ ಭಾವನೆ ಇಳಿಯಿತು. ಅದೂ ತಮ್ಮವರೊಡನೆ ಗಟ್ಟಿ ನಂಟು ಇದ್ದವರಲ್ಲಿ ಮಾತ್ರ.

ಈ ಎರಡು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಅನ್ನಿಸುವುದು ಇಷ್ಟು. ಸಿನಿಮಾ ನೋಡಿ ಬಂದ ಅರ್ಧ ಗಂಟೆಯ ಬೇಸರಕ್ಕೆ ಯಾವ ಊಟವೂ ಬೇಕಿಲ್ಲ. ಹಿತದ ಊಟದ ಶಕ್ತಿ ಅದರ ಅಕ್ಕಿಯಲ್ಲಿ, ಬೇಳೆಯಲ್ಲಿ ಇರುವುದಕ್ಕಿಂತ, ಅದನ್ನು ಕಲಸಿ ಕೈತುತ್ತು ಹಾಕಿದವರ ನೆನಪಿನಲ್ಲಿದೆ. ಆದ್ದರಿಂದ ಅದು ಯಾರಿಗೆ ಹೆಚ್ಚು ಬೇಕು ಎಂದರೆ ಕಾಯಿಲೆಯವರಿಗೆ, ಹಾಸ್ಟೆಲಿನ ಮಕ್ಕಳಿಗೆ, ಸಂಗಾತಿಯನ್ನು ಕಳೆದುಕೊಂಡವರಿಗೆ, ಮುದುಕರಿಗೆ. ನಾವು ಪಥ್ಯ ಹೇಳುವುದೂ ಇವರಲ್ಲಿ ಅನೇಕರಿಗೇ.

ಕೆಲವು ತಿಂಗಳ ಹಿಂದೆ ಎಪ್ಪತ್ತರ ಮೇಲಿನ ಅಜ್ಜಿಯೊಬ್ಬರನ್ನು ಬೆಳಗಿನ ಜಾವ ಆಟೊದಲ್ಲಿ ಕರೆತಂದರು. ಮೈಯೆಲ್ಲ ಬೆವರು, ಮಾತು ತೊದಲು, ಮಗನನ್ನೇ ಗುರುತಿಸುತ್ತಿರಲಿಲ್ಲ. ಲಕ್ವ ಹೊಡೆದಿದೆ ಎಂದು ಮನೆಯವರು ಹೆದರಿದ್ದರು. ಬೆರಳಿನ ತುದಿಯ ರಕ್ತ ತೆಗೆದು ನೋಡಿದರೆ ಸಕ್ಕರೆ 44 ಮಿಲಿಗ್ರಾಂ. 70ಕ್ಕಿಂತ ಕೆಳಗೆ ಇಳಿದರೇ ಅಪಾಯ. ರಕ್ತನಾಳಕ್ಕೆ ಗ್ಲೂಕೋಸ್ ಹಾಕಿದ ಮೇಲೆ ಕಣ್ಣು ಬಿಟ್ಟರು. ವಿಚಾರಿಸಿದಾಗ ತಿಳಿದದ್ದು: ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಆರು ತಿಂಗಳ ಹಿಂದೆ ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಅಚ್ಚು ಹಾಕಿದ ಪಥ್ಯದ ಹಾಳೆ ಕೊಟ್ಟಿದ್ದರು. ಅದರಲ್ಲಿ ಬೆಳಗ್ಗೆ ಓಟ್ಸ್, ಮಧ್ಯಾಹ್ನ ಎರಡು ಒಣ ಚಪಾತಿ, ಸೌತೆಕಾಯಿ, ರಾತ್ರಿ ಮತ್ತೆ ಓಟ್ಸ್. ಅನ್ನದ ಮುಂದೆ ಕೆಂಪು ಶಾಯಿಯ ಗೆರೆ. ಮಗ ಪ್ರೀತಿಯಿಂದಲೇ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ. ಸೊಸೆ ಶ್ರದ್ಧೆಯಿಂದ ಹಾಗೆಯೇ ಮಾಡಿ ಬಡಿಸುತ್ತಿದ್ದಳು. ಅಜ್ಜಿ ಎರಡು ಚಮಚ ತಿಂದು ತಟ್ಟೆ ಸರಿಸುತ್ತಿದ್ದರು. ಮಾತ್ರೆ ಮಾತ್ರ ತಪ್ಪಿಸುತ್ತಿರಲಿಲ್ಲ. ಆರು ತಿಂಗಳಲ್ಲಿ ಆರು ಕೆ.ಜಿ. ಇಳಿದಿದ್ದರು. ‘ಸಕ್ಕರೆ ಕಂಟ್ರೋಲಿಗೆ ಬಂದಿದೆ’ ಎಂದು ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಗಿತ್ತು.

ಅವರನ್ನು ಒಬ್ಬರನ್ನೇ ಕೂರಿಸಿಕೊಂಡು ಕೇಳಿದೆ. ‘ಆ ಅಂಟಂಟು ಗಂಟಲಲ್ಲಿ ಇಳಿಯಾಕಿಲ್ಲ ಕಣಪ್ಪ. ಒಂದ್ ಹಿಡಿ ಬಿಸಿ ಅನ್ನಕ್ಕೆ ಹುರುಳಿ ಬಸ್ಸಾರು ಹಾಕ್ಕಂಡು ಉಂಡ್ರೆ ಸಾಕು ಅನ್ಸುತ್ತೆ. ಕೇಳಿದ್ರೆ ಮಗ ಬೇಜಾರ್ ಮಾಡ್ಕತಾನೆ’ ಎಂದರು. ಊಟದ ಆಸೆಯನ್ನು ಹೇಳಿಕೊಳ್ಳಲು ಅವರಿಗೆ ನಾಚಿಕೆಯಾಗುತ್ತಿತ್ತು. ಅದು ನನಗೆ ಸಕ್ಕರೆ ಇಳಿದದ್ದಕ್ಕಿಂತ ಹೆಚ್ಚು ನೋವಿನ ಸಂಗತಿಯೆನಿಸಿತು.

ಇಲ್ಲಿ ಆದದ್ದೇನೆಂಬುದು ವೈದ್ಯಕೀಯವಾಗಿ ತೀರ ಸರಳ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆಗಳು ನೀವು ಉಂಡಿರಿ, ಬಿಡಿ, ಇನ್ಸುಲಿನ್ ಹೊರಡಿಸುತ್ತಲೇ ಇರುತ್ತವೆ. ಇನ್ಸುಲಿನ್ ಚುಚ್ಚುಮದ್ದಿನ ಕಥೆಯೂ ಅಷ್ಟೇ. ಊಟ ಕಡಿಮೆಯಾಗಿ ಮಾತ್ರೆ ಹಾಗೆಯೇ ಉಳಿದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ವಯಸ್ಸಾದವರಲ್ಲಿ ಮೂತ್ರಪಿಂಡ ನಿಧಾನವಾಗಿರುವುದರಿಂದ ಮಾತ್ರೆಯ ಪ್ರಭಾವ ಇನ್ನೂ ಹೆಚ್ಚು ಹೊತ್ತು ಇರುತ್ತದೆ. ರಾತ್ರಿ ಬಚ್ಚಲಿಗೆ ಎದ್ದಾಗ ತಲೆ ಸುತ್ತಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರಲ್ಲಿ ಎಷ್ಟು ಮಂದಿಗೆ ಇದೇ ಕಾರಣವಿತ್ತೋ ಯಾರಿಗೂ ತಿಳಿಯುವುದಿಲ್ಲ. ಸಕ್ಕರೆ ಸ್ವಲ್ಪ ಹೆಚ್ಚಿದ್ದರೆ ವರ್ಷಗಳಲ್ಲಿ ಆಗುವ ತೊಂದರೆ, ತೀರ ಇಳಿದರೆ ನಿಮಿಷಗಳಲ್ಲಿ ಆಗಬಹುದು. ಆದ್ದರಿಂದಲೇ ಬಹಳ ವಯಸ್ಸಾದವರಿಗೆ, ಬೇರೆ ಕಾಯಿಲೆಗಳೂ ಇರುವವರಿಗೆ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 7ರ ಬದಲು 8ರೊಳಗೆ ಇದ್ದರೂ ಸಾಕು ಎಂದು ಇಂದಿನ ಮಾರ್ಗಸೂಚಿಗಳು ಹೇಳುತ್ತವೆ. ಅಮೆರಿಕದ ಮಧುಮೇಹ ಸಂಘ 2016ರಲ್ಲಿ ವೃದ್ಧಾಶ್ರಮಗಳಂಥ ಕಡೆ ಇರುವ ಹಿರಿಯರ ಬಗ್ಗೆ ಹೊರಡಿಸಿದ ಹೇಳಿಕೆಯಲ್ಲಿ, ಬಿಗಿ ಪಥ್ಯ ಬೇಡ, ಎಲ್ಲರಿಗೂ ಮಾಡುವ ಸಾಮಾನ್ಯ ಊಟವನ್ನೇ ಕೊಡಿ, ಬೇಕಿದ್ದರೆ ಔಷಧವನ್ನು ಹೊಂದಿಸಿ ಎಂಬ ನಿಲುವು ತಳೆದಿದೆ. ಬಿಗಿ ಪಥ್ಯದಿಂದ ಮುದುಕರು ಊಟವನ್ನೇ ಬಿಟ್ಟು ಸೊರಗುತ್ತಾರೆ ಎಂಬುದು ಅದಕ್ಕೆ ಕಾರಣ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಹತ್ತಿರಹತ್ತಿರ ಅಷ್ಟೇ ಅಡುಗೆಮನೆಗಳಲ್ಲಿ ಯಾರೋ ಒಬ್ಬರ ತಟ್ಟೆಯನ್ನು ಇನ್ನೊಬ್ಬರು ಕಾವಲು ಕಾಯುತ್ತಿದ್ದಾರೆ ಎಂದಾಯಿತು. ಮಗ, ಸೊಸೆ, ಮಗಳು, ಹೆಂಡತಿ ಎಲ್ಲರೂ ಪೊಲೀಸರಾಗಿಬಿಟ್ಟರೆ ಕಾಯಿಲೆಯವರು ಕಳ್ಳರಾಗದೆ ಬೇರೆ ದಾರಿಯಿಲ್ಲ. ದಿಂಬಿನ ಕೆಳಗೆ ಬೆಲ್ಲದ ಚೂರು, ಟ್ರಂಕಿನಲ್ಲಿ ಬಿಸ್ಕತ್ತಿನ ಪೊಟ್ಟಣ, ವಾಕಿಂಗ್ ಹೋದಾಗ ಬೇಕರಿಯ ಮುಂದೆ ಹತ್ತು ನಿಮಿಷ: ಇದನ್ನೆಲ್ಲ ನನ್ನ ಬಳಿ ಒಪ್ಪಿಕೊಂಡವರು ಬಹಳ. ಕದ್ದು ತಿನ್ನುವ ಆಹಾರಕ್ಕೆ ಲೆಕ್ಕವಿರುವುದಿಲ್ಲ. ಗಬಗಬ ತಿನ್ನುವುದರಿಂದ ರುಚಿಯೂ ಸಿಗುವುದಿಲ್ಲ. ಎದುರಿಗೆ ಕೂರಿಸಿ ಬಡಿಸಿದ ಅರ್ಧ ಹೋಳಿಗೆ, ಕದ್ದು ತಿಂದ ಎರಡು ಹೋಳಿಗೆಗಿಂತ ದೇಹಕ್ಕೂ ವಾಸಿ, ಮನಸ್ಸಿಗೂ ವಾಸಿ.

‘ಹಾಗಾದರೆ ಏನು ಬೇಕಾದರೂ ತಿನ್ನಬಹುದೇ?’ ಎಂದು ನೀವು ಕೇಳುವಿರಿ. ಇಲ್ಲ. ಆದರೆ ತೆಗೆದುಹಾಕುವುದಕ್ಕೂ ತಗ್ಗಿಸುವುದಕ್ಕೂ ವ್ಯತ್ಯಾಸವಿದೆ. ಮೊದಲು ಕೇಳಿ: ‘ಒಂದೇ ಒಂದನ್ನು ಇಟ್ಟುಕೊಳ್ಳಬಹುದು ಎಂದರೆ ಯಾವುದನ್ನು ಇಟ್ಟುಕೊಳ್ಳುತ್ತೀರಿ?’ ಉತ್ತರ ಬಹುಮಟ್ಟಿಗೆ ಅಚ್ಚರಿ ತರುವಷ್ಟು ಚಿಕ್ಕದಾಗಿರುತ್ತದೆ. ರಾತ್ರಿ ಊಟದ ಕೊನೆಗೆ ಒಂದು ಸೌಟು ಮೊಸರನ್ನ. ಮಧ್ಯಾಹ್ನ ಮೂರು ಗಂಟೆಗೆ ಅರ್ಧ ಲೋಟ ಸಕ್ಕರೆ ಹಾಕಿದ ಕಾಫಿ. ಇದರ ಸುತ್ತ ಉಳಿದ ಪಥ್ಯವನ್ನು ಕಟ್ಟುವುದು ಕಷ್ಟವಲ್ಲ. ಆ ಅಜ್ಜಿಗೆ ನಾವು ಮಾಡಿದ್ದೂ ಅದನ್ನೇ. ಮಾತ್ರೆಯನ್ನು ಬದಲಿಸಿ, ಮಧ್ಯಾಹ್ನ ಒಂದು ಸಣ್ಣ ಬಟ್ಟಲು ಅನ್ನ, ಬಸ್ಸಾರು, ಅದಕ್ಕೆ ಮೊದಲು ಅದೇ ಬಸ್ಸಾರಿನ ಸೊಪ್ಪು, ಕಾಳಿನ ಪಲ್ಯ. ಪಲ್ಯ, ಕಾಳು, ಕೋಸಂಬರಿಗಳನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ಉಂಡರೆ ಊಟದ ನಂತರದ ಸಕ್ಕರೆ ಅಷ್ಟು ಎತ್ತರಕ್ಕೆ ಏರುವುದಿಲ್ಲ ಎಂಬುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಬಾಳೆಲೆಯ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲು ಬರುತ್ತವೆ. ನಾವು ಅದನ್ನು ಮುಟ್ಟದೆ ಅನ್ನಕ್ಕೆ ಕಾಯುತ್ತೇವೆ, ಅಷ್ಟೆ.

ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ವಾದ ಬೇಡ. ಊಟ ಶುರು ಮಾಡಿದ ಎರಡು ಗಂಟೆಯ ನಂತರ ನೋಡಿ. ಒಂದು ಬಟ್ಟಲು ಅನ್ನಕ್ಕೆ ಎಷ್ಟು ಏರುತ್ತದೆ, ಎರಡು ಬಟ್ಟಲಿಗೆ ಎಷ್ಟು ಏರುತ್ತದೆ ಎಂದು ಅವರಿಗೇ ತೋರಿಸಿ. ಮಗ ಹೇಳಿದರೆ ಕೇಳದ ತಂದೆ ಯಂತ್ರ ಹೇಳಿದರೆ ಕೇಳುವುದನ್ನು ನಾನು ಕಂಡಿದ್ದೇನೆ.

ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಹೇಳಬೇಕು. ‘ಅನ್ನ ಬಿಟ್ಟಿದ್ದೇನೆ ಡಾಕ್ಟ್ರೇ, ಬರೀ ಮುದ್ದೆ’ ಎಂದು ಎರಡು ಹೊತ್ತೂ ಎರಡೆರಡು ಮುದ್ದೆ ಉಣ್ಣುವವರಿದ್ದಾರೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದ್ದರೆ ಅಷ್ಟೇ ರಾಗಿಯಲ್ಲಿ ಸುಮಾರು 67 ಗ್ರಾಂ. ನಾರು ಹೆಚ್ಚು, ಸುಣ್ಣದ ಅಂಶವಂತೂ 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು. ಒಳ್ಳೆಯ ಧಾನ್ಯ, ಸಂದೇಹವಿಲ್ಲ. ಆದರೆ ಮುದ್ದೆಗೆ ಲೆಕ್ಕವೇ ಇಲ್ಲ ಎಂಬುದು ಸರಿಯಲ್ಲ. ಹಾಗೆಯೇ ಚೆನ್ನಾಗಿ ಬೆಂದು ಕರಗಿದ ಬಿಳಿ ಅಕ್ಕಿ ಗಂಜಿ ಬಿಡಿಬಿಡಿ ಅನ್ನಕ್ಕಿಂತ ಬೇಗ ಸಕ್ಕರೆಯನ್ನು ಏರಿಸುತ್ತದೆ. ಭೇದಿಯಾದಾಗ ಉಪ್ಪು ಹಾಕಿದ ಗಂಜಿ ನಿಜಕ್ಕೂ ಒಳ್ಳೆಯದು. ಬಾಂಗ್ಲಾದೇಶದಲ್ಲಿ 1980ರ ದಶಕದಲ್ಲೇ ಅಕ್ಕಿ ಹಿಟ್ಟಿನಿಂದ ಮಾಡಿದ ಜೀವಜಲವನ್ನು ಕಾಲರಾ ರೋಗಿಗಳಿಗೆ ಕೊಟ್ಟು ಗೆದ್ದರು. ಆದರೆ ಮಧುಮೇಹಿಗೆ ದಿನವೂ ಮೂರು ಹೊತ್ತು ಗಂಜಿ ಪಥ್ಯವಲ್ಲ.

ರಕ್ತದೊತ್ತಡದವರಿಗೆ ಉಪ್ಪಿನಕಾಯಿಯ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಇಡೀ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ. ಹಪ್ಪಳ, ಸಂಡಿಗೆ, ಬಾಳಕದ ಮೆಣಸು, ಚಿಪ್ಸು, ಬೇಕರಿಯ ಖಾರದ ತಿಂಡಿ, ಮಜ್ಜಿಗೆಗೆ ಮತ್ತೆ ಉಪ್ಪು: ಇವನ್ನೆಲ್ಲ ಬಿಟ್ಟರೆ ಊಟದ ಕೊನೆಯ ಮಿಡಿಯ ತುದಿಗೆ ಜಾಗ ಉಳಿಯುತ್ತದೆ. ನಿಜವಾಗಿ ಬಿಗಿ ಮಾಡಬೇಕಾದ ಕೆಲವು ಕಾಯಿಲೆಗಳೂ ಇವೆ. ಹೃದಯ ಸೋತು ಕಾಲು ಊದಿಕೊಂಡವರಿಗೆ ಗಂಜಿ, ಸಾರು, ಮಜ್ಜಿಗೆ ಎಲ್ಲವೂ ನೀರಿನ ಲೆಕ್ಕಕ್ಕೇ ಸೇರುತ್ತವೆ. ಮೂತ್ರಪಿಂಡ ಕೆಟ್ಟವರಿಗೆ ಎಳನೀರು, ಬಾಳೆಹಣ್ಣಿನಂಥವು ಪೊಟ್ಯಾಸಿಯಂ ಹೆಚ್ಚಿಸಿ ಹೃದಯದ ಬಡಿತವನ್ನೇ ಕೆಡಿಸಬಹುದು. ಇವರು ತಮ್ಮ ವೈದ್ಯರನ್ನು ಕೇಳದೆ ಏನನ್ನೂ ಬದಲಿಸಬಾರದು. ಇಲ್ಲಿ ನಾನು ಬರೆದದ್ದನ್ನು ತೋರಿಸಿ ವಾದಿಸುವುದೂ ಬೇಡ.

ಇನ್ನೊಂದು ಮುಖ್ಯ ಮಾತು. ಬೇಜಾರಾದಾಗ ತಿಂದದ್ದೆಲ್ಲ ಹಿತದ ಊಟವಲ್ಲ. ರಾತ್ರಿ ಹನ್ನೊಂದಕ್ಕೆ ಮೊಬೈಲು ನೋಡುತ್ತ ಚಿಪ್ಸಿನ ಪೊಟ್ಟಣ ಖಾಲಿ ಮಾಡುವವರಿಗೆ ಅದರ ರುಚಿ ನೆನಪಿರುವುದಿಲ್ಲ, ಎಷ್ಟು ತಿಂದೆವು ಎಂಬುದೂ ನೆನಪಿರುವುದಿಲ್ಲ. ಕೆಲಸದ ಒತ್ತಡ ತಿಂಗಳುಗಟ್ಟಲೆ ಇದ್ದಾಗ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚಾಗಿ ಸಿಹಿ, ಕೊಬ್ಬುಗಳ ಕಡೆ ಎಳೆಯುತ್ತದೆ. ಹೊಟ್ಟೆಯ ಸುತ್ತ ಬೊಜ್ಜು ಕೂರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ವಿಜ್ಞಾನಿಗಳು ಇಲಿಗಳ ಮೇಲಿನ ಪ್ರಯೋಗಗಳ ಆಧಾರದಿಂದ 2003ರಲ್ಲಿ ಇದನ್ನು ವಿವರಿಸಿದರು. ಆ ತಿನಿಸಿನಿಂದ ಒತ್ತಡದ ಬಿಸಿ ತುಸು ತಗ್ಗುವುದೂ ಉಂಟು, ಅದೇ ಅಪಾಯ. ನಾಳೆ ಮತ್ತೆ ಬೇಕೆನಿಸುತ್ತದೆ. ಇವೆರಡನ್ನು ಬೇರೆ ಮಾಡಲು ನಾನು ಕೇಳುವ ಪ್ರಶ್ನೆ ಒಂದೇ: ‘ಅದನ್ನು ತಟ್ಟೆಗೆ ಹಾಕಿಕೊಂಡು, ನಾಲ್ಕು ಜನರೆದುರು ಕೂತು ತಿನ್ನುತ್ತೀರಾ?’

ಮಕ್ಕಳ ವಿಷಯದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಇಂದಿನ ನಲವತ್ತರ ಆಸುಪಾಸಿನವರ ಬಾಲ್ಯಕ್ಕೆ ಮ್ಯಾಗಿ ಹೇಗೆ ಅಂಟಿಕೊಂಡಿದೆ ಎಂಬುದು 2015ರಲ್ಲಿ ಎಲ್ಲರಿಗೂ ತಿಳಿಯಿತು. ಸೀಸದ ಅಂಶದ ಕಾರಣ ಕೊಟ್ಟು ಆಹಾರ ಸುರಕ್ಷತಾ ಪ್ರಾಧಿಕಾರ ಆ ವರ್ಷದ ಜೂನ್‌ನಲ್ಲಿ ಅದರ ಮಾರಾಟ ನಿಲ್ಲಿಸಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ನವೆಂಬರ್‌ನಲ್ಲಿ ಮತ್ತೆ ಅಂಗಡಿಗೆ ಬಂತು. ಆ ಐದು ತಿಂಗಳು ಹಾಸ್ಟೆಲಿನ ಹುಡುಗರಷ್ಟೇ ಅಲ್ಲ, ಹೊಟ್ಟೆ ಬೆಳೆದ ಅಧಿಕಾರಿಗಳೂ ಹಂಬಲಿಸಿದರು. ಅಮ್ಮ ಶಾಲೆಯಿಂದ ಬಂದ ಕೂಡಲೇ ಮಾಡಿಕೊಟ್ಟದ್ದು ನೂಡಲ್ಸ್ ಆದರೆ ಅದೇ ಹಿತದ ಊಟ, ಅವಲಕ್ಕಿ ಮೊಸರು ಆದರೆ ಅದೇ. ಮಗುವಿನ ಮನಸ್ಸು ಆಯ್ಕೆ ಮಾಡುವುದಿಲ್ಲ, ಸಿಕ್ಕಿದ್ದಕ್ಕೆ ಪ್ರೀತಿಯನ್ನು ಅಂಟಿಸಿಕೊಳ್ಳುತ್ತದೆ. ಹಾಗಾಗಿ ಅತ್ತಾಗಲೆಲ್ಲ ಚಾಕೊಲೇಟ್, ಚುಚ್ಚುಮದ್ದು ಹಾಕಿಸಿದ್ದಕ್ಕೆ ಕೇಕು, ಹೋಂವರ್ಕ್ ಮುಗಿಸಿದ್ದಕ್ಕೆ ಚಿಪ್ಸು ಕೊಡುವ ತಂದೆತಾಯಿ ಮುಂದಿನ ಐವತ್ತು ವರ್ಷಗಳ ಹಂಬಲವನ್ನು ಬಿತ್ತುತ್ತಿದ್ದಾರೆ. ಅತ್ತ ಮಗುವಿಗೆ ಮೊದಲು ಬೇಕಾದದ್ದು ತೊಡೆ, ತಿಂಡಿಯಲ್ಲ.

ಇಷ್ಟದ ಊಟವನ್ನೂ ಬೇಡವೆನ್ನುವವರ ಬಗ್ಗೆ ಮನೆಯವರು ಹೆಚ್ಚು ಜಾಗರೂಕರಾಗಿರಬೇಕು. ಎಂದೂ ಬಿಡದ ಮೊಸರನ್ನವನ್ನು ಅಜ್ಜ ತಳ್ಳುತ್ತಿದ್ದಾರೆ ಎಂದರೆ ಅದು ಹಠವಲ್ಲ, ಲಕ್ಷಣ. ಹಲ್ಲು ನೋವಿರಬಹುದು, ಕಟ್ಟಿಸಿದ ಹಲ್ಲಿನ ಸೆಟ್ ಸಡಿಲವಾಗಿರಬಹುದು. ಮೆಟ್‌ಫಾರ್ಮಿನ್‌ನಂಥ ಮಾತ್ರೆಗಳಿಂದ ಬಾಯಿ ಲೋಹದಂತೆ ಆಗಿ ಹಸಿವು ಕುಂದಿರಬಹುದು. ಕ್ಷಯ, ಕ್ಯಾನ್ಸರ್, ಯಕೃತ್ತಿನ ತೊಂದರೆಗಳೂ ಹೀಗೆ ಶುರುವಾಗುವುದುಂಟು. ಪ್ರಯತ್ನಪಡದೆ ಆರು ತಿಂಗಳಿಂದ ಒಂದು ವರ್ಷದಲ್ಲಿ ತೂಕ ನೂರಕ್ಕೆ ಐದು ಪಾಲು ಇಳಿದರೆ, ಅಂದರೆ 60 ಕೆ.ಜಿ. ಇದ್ದವರು 57 ಆದರೆ, ವೈದ್ಯರಿಗೆ ತೋರಿಸಲೇಬೇಕು. ಇವೆಲ್ಲ ಅಲ್ಲವೆಂದಾದರೆ ಖಿನ್ನತೆಯನ್ನು ನೆನೆಯಿರಿ. ನಮ್ಮ ಹಿರಿಯರು ‘ನನಗೆ ದುಃಖವಾಗಿದೆ’ ಎಂದು ಹೇಳುವುದಿಲ್ಲ, ‘ಬಾಯಿಗೆ ರುಚಿಯಿಲ್ಲ’ ಎನ್ನುತ್ತಾರೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವವರ ಕೈಯಲ್ಲಿ ಇಂದಿಗೂ ಬ್ರೆಡ್ಡು, ಮೂಸಂಬಿ ಇರುತ್ತದೆ. ಜ್ವರ ಬಂದವರಿಗೆ ಬ್ರೆಡ್ಡೇ ಊಟ ಎಂಬ ನಂಬಿಕೆ ಎಲ್ಲಿಂದ ಬಂತೋ! ಜ್ವರದವರನ್ನು ಉಪವಾಸ ಕೆಡವುವುದು ಒಂದು ಕಾಲಕ್ಕೆ ಯುರೋಪಿನ ವೈದ್ಯರ ಪದ್ಧತಿಯೂ ಆಗಿತ್ತು. ಅದನ್ನು ವಿರೋಧಿಸಿ ಜ್ವರದವರಿಗೆ ಊಟ ಕೊಡಿ ಎಂದು ಹಟ ಹಿಡಿದವರಲ್ಲಿ ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್ ಮುಖ್ಯ. 1853ರಲ್ಲಿ ತೀರಿಕೊಂಡ ಆತನ ಹೆಸರು ಇಂದು ಥೈರಾಯ್ಡಿನ ಒಂದು ಕಾಯಿಲೆಗೆ ಇದೆ. ವೈದ್ಯರು ಬೇಡವೆನ್ನದಿದ್ದರೆ ಮುಂದಿನ ಸಲ ಮೆತ್ತಗಿನ ಅನ್ನ, ತಿಳಿಸಾರನ್ನು ಒಂದು ಟಿಫಿನ್ ಡಬ್ಬಿಯಲ್ಲಿ ಒಯ್ಯಿರಿ.

ಕೊನೆಗೆ, ಬರೆಯಲು ಸ್ವಲ್ಪ ಕಷ್ಟವಾದರೂ ಬರೆಯಲೇಬೇಕಾದ ವಿಷಯ. ಗುಣವಾಗದ ಕ್ಯಾನ್ಸರ್, ತೀರ ಮುಂದುವರಿದ ಮರೆವಿನ ಕಾಯಿಲೆ ಇರುವವರು ಊಟ ಬಿಟ್ಟಾಗ ಮನೆಯವರು ಕಂಗಾಲಾಗುತ್ತಾರೆ. ‘ಹೊಟ್ಟೆಗಿಲ್ಲದೆ ಸಾಯಿಸಿದರು ಎಂದು ಜನ ಅಂದಾರು’ ಎಂಬ ಭಯದಲ್ಲಿ ಮೂಗಿಗೆ ನಳಿಕೆ ಹಾಕಿಸುತ್ತಾರೆ. ಮುಂದುವರಿದ ಮರೆವಿನ ಕಾಯಿಲೆಯಲ್ಲಿ ನಳಿಕೆಯಿಂದ ಆಯುಸ್ಸು ಹೆಚ್ಚುವುದು ಸಾಬೀತಾಗಿಲ್ಲ. ಕೈ ಕಟ್ಟಿಹಾಕಬೇಕಾಗುತ್ತದೆ, ಮೂಗು ಹುಣ್ಣಾಗುತ್ತದೆ. ಇಂಥವರಿಗೆ ಹಿತಕ್ಕಾಗಿ ಮಾತ್ರ ಉಣಿಸುವ ಕ್ರಮವನ್ನು 2010ರಿಂದ ವೈದ್ಯಲೋಕ ಹೆಸರಿಟ್ಟು ಚರ್ಚಿಸುತ್ತಿದೆ. ಎಷ್ಟು ಕ್ಯಾಲರಿ ಹೋಯಿತು ಎಂಬ ಲೆಕ್ಕವಿಲ್ಲ. ಅವರಿಗೆ ಯಾವುದು ಇಷ್ಟವಿತ್ತೋ ಅದು, ಎಷ್ಟು ಇಳಿಯುತ್ತದೋ ಅಷ್ಟು. ಸಕ್ಕರೆ ಕಾಯಿಲೆಯಿದ್ದರೂ ಒಂದು ಚಮಚ ಪಾಯಸ ಸರಿಯೇ. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಗದ್ದ ತುಸು ಕೆಳಗಿರಲಿ. ನೀರಾದದ್ದು ಕೆಮ್ಮು ಬರಿಸಿದರೆ ಗಟ್ಟಿ ಮೊಸರಿನ ಹದಕ್ಕೆ ತನ್ನಿ. ಚಿಕ್ಕ ಚಮಚದಲ್ಲಿ ಕೊಡಿ. ನುಂಗಿದ್ದಾರೆಂದು ನೋಡಿಯೇ ಇನ್ನೊಂದು ಚಮಚ. ನುಂಗಲೂ ಆಗದಿದ್ದರೆ ಹತ್ತಿಯನ್ನು ಫಿಲ್ಟರ್ ಕಾಫಿಯಲ್ಲಿ ಅದ್ದಿ ಹಿಂಡಿ ತುಟಿಗೆ ಒತ್ತಿ. ಅವರು ಮುಖ ತಿರುಗಿಸಿದರೆ ಒತ್ತಾಯ ಮಾಡದೆ ಬಟ್ಟಲನ್ನು ಪಕ್ಕಕ್ಕಿಟ್ಟು, ಅಲ್ಲೇ ಸ್ವಲ್ಪ ಹೊತ್ತು ಕೂತಿರಿ.